ನಡುಹಾದಿಯ ಸೋರಿಕೆ

ಅಫಜಲಪುರ
15 ಜುಲೈ 2024

ಅಣ್ಣಾರಾಯನಿಗೆ ಜೈ ಭೀಮ್.

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಲಾಗ್‌ಶೀಟಿನಲ್ಲಿ ನನ್ನ ಈ ಅಕ್ಷರವನ್ನು ನೀನು ಬೈಯದ ದಿನವಿರಲಿಲ್ಲ. ನಾನು ಸ್ಟಿಯರಿಂಗ್ ಬಿಟ್ಟು, ನೀನು ಟಿಕೆಟ್ ಚೀಲ ಬಿಟ್ಟು ಇಷ್ಟು ವರ್ಷವಾದ ಮೇಲೆ ಈ ಮುದುಕನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎನ್ನಬೇಡ. ಫೋನಿನಲ್ಲಿ ನೀನು ಕೂಗಿದ್ದು ನನ್ನ ಕಿವಿಗೆ ಬೀಳುವುದಿಲ್ಲ, ಪಕ್ಕದ ಮನೆಯವರಿಗೆ ಬೀಳುತ್ತದೆ. ಮೆಸೇಜು ಹಾಕಿದರೆ ಮೊದಲು ಮೊಮ್ಮಕ್ಕಳು ಓದುತ್ತಾರೆ, ಆಮೇಲೆ ಸೊಸೆ, ಕೊನೆಗೆ ನಾನು. ಈಗಿನ ವಿಷಯ ಆ ದಾರಿಯಲ್ಲಿ ಬರುವಂಥದ್ದಲ್ಲ. ಅದಕ್ಕೇ ಆಳಂದ ಗಾಡಿಯ ಕಂಡಕ್ಟರ್ ಶಹಬಾಜನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ವಿಷಯ ಇಷ್ಟೆ. ನನ್ನ ಮೈಯಲ್ಲಿ ರಕ್ತ ನಿಲ್ಲುತ್ತಿಲ್ಲ. ಗಾಯವಿಲ್ಲ, ನೋವಿಲ್ಲ, ಆದರೆ ಪರೀಕ್ಷೆ ಮಾಡಿದಾಗಲೆಲ್ಲ ಕಡಿಮೆ. ಎರಡು ಸಲ ಕಲಬುರಗಿಗೆ ಹೋಗಿ ರಕ್ತದ ಬಾಟಲಿ ಏರಿಸಿಕೊಂಡು ಬಂದೆ. ಅಲ್ಲಿ ಅನುರಾಧಾ ಎಂಬ ಡಾಕ್ಟರಮ್ಮ ಇದ್ದಾಳೆ. ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿದಳು. ಕೆಳಗಿನಿಂದ ಹಾಕಿ ದೊಡ್ಡ ಕರುಳು ನೋಡಿದಳು. ಎರಡೂ ಕಡೆ ರಸ್ತೆ ಸಾಫ್. ನನಗೆ ಕೇಳಿಸುವುದಿಲ್ಲವೆಂದು ಚೀಟಿಯ ಮೇಲೆ ಬರೆದು ತಿಳಿಸಿದಳು: ನಡುವೆ ಸಣ್ಣ ಕರುಳು ಉಳಿದಿದೆ, ಎರಡೂ ಕೊಳವೆ ಅಲ್ಲಿಗೆ ಮುಟ್ಟುವುದಿಲ್ಲ. ವಯಸ್ಸಾದವರಿಗೆ ಅಲ್ಲಿ ರಕ್ತನಾಳಗಳು ತೆಳ್ಳಗಾಗಿ ಗಂಟುಗಂಟಾಗುತ್ತವಂತೆ, ಸ್ವಲ್ಪ ಸ್ವಲ್ಪ ಸೋರುತ್ತವಂತೆ. ಆ ಜಾಗ ನೋಡುವುದಕ್ಕೆ ಕ್ಯಾಮೆರಾ ಇರುವ ಗುಳಿಗೆ ನುಂಗಬೇಕಂತೆ.

ನಾನು ಒಲ್ಲೆ ಅಂದೆ. ಆಯಿಲ್ ಸೋರುವ ಗಾಡಿಗೆ ದಿನಾ ಒಂದು ಡಬ್ಬಿ ಸುರಿದು ನಾವಿಬ್ಬರೂ ಎಷ್ಟು ಕಾಲ ಓಡಿಸಿಲ್ಲ? ಬಾಟಲಿ ಏರಿಸಿದರೆ ನನ್ನದೂ ಎರಡು ಮೂರು ತಿಂಗಳು ಓಡುತ್ತದೆ. ಈಗ ಮಂಚದ ಮೇಲೆ ಮಲಗಲು ನನಗೆ ಪುರಸತ್ತಿಲ್ಲ. ಮೊಮ್ಮಗಳು, ಜಾವೀದನ ಮಗಳು ಮುಸ್ಕಾನ ನಮ್ಮ ಸಾರಿಗೆ ನಿಗಮದಲ್ಲೇ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಟ್ರ್ಯಾಕಿನ ಪರೀಕ್ಷೆಗೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಜಾವೀದ ಜೇವರ್ಗಿಯಲ್ಲಿ ಶಾಲೆಯ ಬಸ್ಸು ಓಡಿಸುತ್ತಾನಲ್ಲ, ಭಾನುವಾರ ಆ ಬಸ್ಸು ಖಾಲಿ ಇರುತ್ತದೆ. ಅವನಿಗೆ ಮಗಳಿಗೆ ಕಲಿಸುವ ತಾಳ್ಮೆಯಿಲ್ಲ, ಎರಡನೆಯ ಗೇರಿಗೇ ಇಬ್ಬರಿಗೂ ಜಗಳ. ಹಾಗಾಗಿ ನಾನು ಪ್ರತಿ ಭಾನುವಾರ ಜೇವರ್ಗಿಗೆ ಹೋಗುತ್ತೇನೆ. ಅವಳ ಪರೀಕ್ಷೆ ಮುಗಿಯುವತನಕ ನಾನು ನೆಟ್ಟಗೆ ನಿಂತಿದ್ದರೆ ಸಾಕು.

ಮನೆಯಲ್ಲಿ ನಿಶ್ಶಕ್ತಿ ಎಂದಷ್ಟೇ ಹೇಳಿದ್ದೇನೆ. ನಿನಗೆ ಹೇಳಿದ್ದು, ಯಾರಿಗಾದರೂ ಹೇಳಬೇಕಿತ್ತು ಅಂತ.

ಮಲಂಗಸಾಬ


ಆಳಂದ
18 ಜುಲೈ 2024

ಮಲಂಗಭಾಯ್, ಸಲಾಂ.

ಕಾಗದ ಓದಿ ಸಿಟ್ಟು ಬಂತು. ಊಟ ಮಾಡಿ ಮತ್ತೆ ಓದಿದೆ, ಆಗಲೂ ಬಂತು.

ಆಯಿಲ್ ಸುರಿದು ಓಡಿಸಿದ ಗಾಡಿಯ ಮಾತು ಬರೆದಿರಿ. ಆ ಗಾಡಿ ಕೊನೆಗೆ ಎಲ್ಲಿ ನಿಂತಿತು ಎಂಬುದನ್ನು ಬರೆಯಲು ಮರೆತಿರಿ. ಜಿಡಗಾ ಮಠಕ್ಕೆ ಹೊರಟ ಮಂದಿಯನ್ನು ತುಂಬಿಕೊಂಡು ನಡುರಸ್ತೆಯಲ್ಲಿ ಎಂಜಿನ್ ಹಿಡಿದುಕೊಂಡು ಕೂತುಬಿಟ್ಟಿತು. ಆ ಬಿಸಿಲಲ್ಲಿ ಮುದುಕಿಯರೆಲ್ಲ ಇಳಿದು ನಡೆದರು. ಒಬ್ಬಳು ಹೋಗುತ್ತಾ ನನ್ನ ಕಡೆ ತಿರುಗಿ, “ಏನ್ ಗಾಡಿ ಇಟ್ಟೀರೋ, ನಿಮ್ಮ ಬಾಯಾಗ ಮಣ್ಣ ಬೀಳ್ಲಿ” ಎಂದಳು. ನೀವು ಬಾನೆಟ್ ತೆಗೆದು ತಲೆ ಒಳಗೆ ಹಾಕಿಕೊಂಡು ನಿಂತಿದ್ದರಿಂದ ಆ ಶಾಪ ಪೂರ್ತಿ ನನಗೇ ಬಿತ್ತು.

ಹೆಣ್ಣುಮಗು ಡ್ರೈವರ್ ಆಗುವುದು ನನಗೂ ಖುಷಿಯ ವಿಷಯ. ಆದರೆ ಕಲಿಸುವವನು ದಾರಿಯಲ್ಲೇ ಬಿದ್ದರೆ ಅವಳಿಗೇನು ಲಾಭ?

ಒಂದು ಮಾತು ಕೇಳುತ್ತೇನೆ, ನಾಚಿಕೆ ಬಿಟ್ಟು ಉತ್ತರ ಬರೆಯಿರಿ. ಹೊರಗೆ ಹೋದಾಗ ಬಣ್ಣ ಕಪ್ಪಗಿರುತ್ತದೆಯೇ? ಎಷ್ಟು ದಿನದಿಂದ? ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಡಾಂಬರಿನ ಹಾಗೆ ಕಪ್ಪಗಿರುತ್ತದಂತೆ. ಇದನ್ನು ನನಗೆ ಹೇಳಿದವಳು ನಮ್ಮ ಮನೆಯವಳು ಮಲ್ಕಮ್ಮ, ಅವಳ ಅಣ್ಣನಿಗೂ ಹಾಗೆಯೇ ಆಗಿತ್ತು. ಅವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ: “ಆ ಮನಷ್ಯಾಗ ಬರೀರಿ, ಗುಳಗಿ ನುಂಗಂತ. ಕ್ಯಾಮೆರಾ ಏನ್ ಕಚ್ಚತದೇನು?”

ಅಣ್ಣಾರಾಯ


ಅಫಜಲಪುರ
6 ಆಗಸ್ಟ್ 2024

ಅಣ್ಣಾರಾಯನಿಗೆ ಜೈ ಭೀಮ್.

ಕಪ್ಪಗಿರುವುದು ನಿಜ. ಅದಕ್ಕೆ ಕಾರಣ ಕಬ್ಬಿಣದ ಗುಳಿಗೆ. ಕಲಬುರಗಿಯಲ್ಲಿ ಮೊದಲ ದಿನವೇ ಹೇಳಿದ್ದರು, ಇದನ್ನು ತಿಂದರೆ ಬಣ್ಣ ಕಪ್ಪಾಗುತ್ತದೆ, ಹೆದರಬೇಡಿ ಅಂತ. ನಾನು ಹೆದರಲಿಲ್ಲ. ಅದರ ಮೇಲೆ ಮಲ್ಕಮ್ಮ ಕಳಿಸಿದ ಕಪ್ಪು ಗುರೆಳ್ಳು ಹಿಂಡಿ ಬೇರೆ, ಎರಡು ಹೊತ್ತೂ ರೊಟ್ಟಿಯ ಜೊತೆ ತಿನ್ನುತ್ತಿದ್ದೇನೆ. ಬಿಳಿ ಬಣ್ಣ ಎಲ್ಲಿಂದ ಬರಬೇಕು?

ಮುಸ್ಕಾನ ಮುಂದಕ್ಕೆ ಚೆನ್ನಾಗಿ ಓಡಿಸುತ್ತಾಳೆ. ಗೇರು ಬದಲಿಸಿದ್ದು ಕೂತವರಿಗೆ ತಿಳಿಯುವುದಿಲ್ಲ. ತಾಪತ್ರಯ ಇರುವುದು ರಿವರ್ಸಿನಲ್ಲಿ. ಮೈದಾನದಲ್ಲಿ ಡ್ರಮ್ಮು ನಿಲ್ಲಿಸಿ ಅವುಗಳ ನಡುವೆ ಹಿಂದಕ್ಕೆ ಬಿಡಿಸುತ್ತೇನೆ. ನಾನು ಗಾಡಿಯ ಹಿಂದೆ ನಿಂತು ಕೈ ತೋರಿಸುತ್ತೇನೆ, ಅವಳು ಕನ್ನಡಿಯಲ್ಲಿ ನನ್ನ ಕೈ ನೋಡಿಕೊಂಡು ಬರುತ್ತಾಳೆ. ನಿನ್ನ ಸೀಟಿ ಇದ್ದಿದ್ದರೆ ಅನುಕೂಲವಾಗುತ್ತಿತ್ತು. ಈಗೀಗ ಹೆಚ್ಚು ಕಲಿತಿದ್ದಾಳೆ. ಎಲ್ಲ ಸರಿಯಾಗಿ ನಡೆದಿದೆ.

ಇಲ್ಲಿ ಭೀಮಾ ತುಂಬಿ ಹರಿಯುತ್ತಿದೆ.

ಮಲಂಗಸಾಬ


ಆಳಂದ
12 ಆಗಸ್ಟ್ 2024

ಮಲಂಗಭಾಯ್,

ಎಲ್ಲ ಸರಿಯಾಗಿ ನಡೆದಿದೆ ಎಂದು ಬರೆದಿರಿ. ನಿಮ್ಮ ಕಾಗದ ತಂದುಕೊಟ್ಟ ಶಹಬಾಜ ನನ್ನ ಅಂಗಳದಲ್ಲಿ ನಿಂತು ಬೇರೆಯೇ ಹೇಳಿದ. ಅವನಿಗೆ ಜೇವರ್ಗಿ ಸ್ಟ್ಯಾಂಡಿನಲ್ಲಿ ಜಾವೀದ ಹೇಳಿದ್ದಂತೆ. ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ:

“ಹ್ವಾದ ಐತವಾರ ರಿವರ್ಸ್ ಹೊಡಿಸಾಕತ್ತಿದ್ರಂತ್ರಿ. ಹಿಂದ ನಿಂತವ್ರು ಅಲ್ಲೇ ಕುಸಿದು ಬಿದ್ದಾರ್ರಿ ಕಾಕಾ. ಗಾಡಿ ಹಿಂದ ಬರಾಕತ್ತದ. ಆ ಹುಡುಗಿ ಕನ್ನಡ್ಯಾಗ ದಾದಾ ಕಾಣವಲ್ರು ಅಂತ ಗಪ್ಪನ ಬ್ರೇಕ್ ಹೊಡದಾಳ. ಗಾಲಿಗೂ ಅವ್ರಿಗೂ ಒಂದು ಮಾರು ಸೈತ ಇರ್ಲಿಲ್ಲಂತ್ರಿ.”

ನೀವು ನನಗೆ ಭೀಮಾ ನದಿಯ ಸುದ್ದಿ ಬರೆದಿರಿ.

ನಾನು ಇನ್ನು ವಾದ ಮಾಡುವುದಿಲ್ಲ. ಕಲಬುರಗಿಯಲ್ಲಿ ಆ ಡಾಕ್ಟರಮ್ಮನ ಆಸ್ಪತ್ರೆಗೆ ಹೋಗಿ ನಿಮ್ಮ ಹೆಸರು ಬರೆಸಿ ಬಂದಿದ್ದೇನೆ. ಇದೇ ತಿಂಗಳ 28ಕ್ಕೆ ಕ್ಯಾಮೆರಾ ಗುಳಿಗೆ. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು, ಕಬ್ಬಿಣದ ಗುಳಿಗೆ ಈಗಿನಿಂದಲೇ ನಿಲ್ಲಿಸಬೇಕು. ಒಳಗೆಲ್ಲ ಕಪ್ಪಾದರೆ ಚಿತ್ರ ಕಾಣುವುದಿಲ್ಲವಂತೆ. ಅಂದು ನೀವು ಹೋಗದಿದ್ದರೆ ಅಮೀರುನ್ನಿಸಾ ಭಾಭಿಗೆ ಎಲ್ಲವನ್ನೂ ಬರೆಯುತ್ತೇನೆ. ಈ ಬೆದರಿಕೆ ಕೆಲಸ ಮಾಡುತ್ತದೆಂದು ನನಗೆ ಗೊತ್ತಿದೆ.

ಅಣ್ಣಾರಾಯ


ಅಫಜಲಪುರ
2 ಸೆಪ್ಟೆಂಬರ್ 2024

ಅಣ್ಣಾರಾಯನಿಗೆ ಜೈ ಭೀಮ್.

ಹೋಗಿ ಬಂದೆ. ಗುಳಿಗೆ ದೊಡ್ಡ ಶೇಂಗಾ ಬೀಜದಷ್ಟಿದೆ. ಒಂದು ತುದಿಯಲ್ಲಿ ದೀಪ ಮಿಣಮಿಣ ಅನ್ನುತ್ತದೆ. ನೀರು ಕುಡಿದು ನುಂಗಿದೆ, ಗಂಟಲಿನಲ್ಲಿ ಏನೂ ಅನ್ನಿಸಲಿಲ್ಲ. ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿ, ಅದರಿಂದ ಒಂದು ವೈರು ಎಳೆದು ಸೊಂಟದಲ್ಲಿ ಒಂದು ಪೆಟ್ಟಿಗೆ ನೇತುಹಾಕಿದರು, ನಿನ್ನ ಟಿಕೆಟ್ ಮಷೀನಿನ ಹಾಗೆ. ಒಳಗಿನ ಗುಳಿಗೆ ಚಿತ್ರ ತೆಗೆದು ಕಳಿಸುತ್ತದೆ, ಹೊರಗಿನ ಪೆಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಮಲಗಬೇಕಿಲ್ಲ, ಹೊರಗೆ ತಿರುಗಾಡಿ ಸಂಜೆ ಬಂದು ಪೆಟ್ಟಿಗೆ ಕೊಡಿ ಅಂದರು. ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಸಿಬ್ಬಂದಿ ಮಲಗುವ ಕೋಣೆ ಈಗಲೂ ಅಲ್ಲೇ ಇದೆ, ವಾಸನೆಯೂ ಅದೇ. ಕೆಲವು ಹುಡುಗರು ಗುರುತು ಹಿಡಿದರು. ಅಲ್ಲೇ ನಮಾಜು ಮಾಡಿ, ಸ್ವಲ್ಪ ಅಡ್ಡಾಗಿ, ಸಂಜೆ ಪೆಟ್ಟಿಗೆ ಒಪ್ಪಿಸಿದೆ.

ಗುಳಿಗೆಯನ್ನೂ ಒಪ್ಪಿಸಬೇಕೆಂದು ತಿಳಿದಿದ್ದೆ. ಡಿಪೋದಲ್ಲಿ ಒಂದು ಸ್ಪ್ಯಾನರ್ ಕಡಿಮೆ ಬಿದ್ದರೂ ಸಂಬಳದಲ್ಲಿ ಹಿಡಿಯುತ್ತಿದ್ದರಲ್ಲ. ಮರುದಿನ ಅದು ಬಂದಾಗ ತೊಳೆದು ಸುತ್ತಿ ಕಲಬುರಗಿಗೆ ತೆಗೆದುಕೊಂಡು ಹೋದೆ. ನರ್ಸಮ್ಮ ಮೂಗು ಮುಚ್ಚಿಕೊಂಡು ಕಸದ ಡಬ್ಬಿ ತೋರಿಸಿದಳು.

ಚಿತ್ರ ಸರಿಯಾಗಿ ಬಂದಿಲ್ಲವಂತೆ. ಮಷೀನು ಕೆಟ್ಟಿತ್ತೆಂದು ಕಾಣುತ್ತದೆ. ಇರಲಿ ಬಿಡು. ನನ್ನ ಪ್ರಯತ್ನ ನಾನು ಮಾಡಿದೆ.

ಮಲಂಗಸಾಬ


ಆಳಂದ
5 ಸೆಪ್ಟೆಂಬರ್ 2024

ಮಲಂಗಭಾಯ್, ಸಲಾಂ.

ಮಷೀನು ಕೆಟ್ಟಿತ್ತು ಎಂದರೆ ಏನರ್ಥ? ಒಬ್ಬ ಮನುಷ್ಯನನ್ನು ಉಪವಾಸ ಕೆಡವಿ, ಊರಿಂದೂರಿಗೆ ಕರೆಸಿ, ಕೆಟ್ಟ ಮಷೀನು ಕಟ್ಟಿ ಕಳಿಸುತ್ತಾರೆಯೇ? ಕೇಳುವವರಿಲ್ಲ ಅಂದುಕೊಂಡಿರಬೇಕು.

ಅರ್ಜಿ ಬರೆದಿದ್ದೇನೆ. ಯೂನಿಯನ್ನಿನಲ್ಲಿದ್ದಾಗ ನಾನು ಬರೆದ ಅರ್ಜಿಗೆ ಡಿಪೋ ಮ್ಯಾನೇಜರ್ ನೀರು ಕುಡಿಯುತ್ತಿದ್ದ, ನಿಮಗೆ ನೆನಪಿರಬೇಕು. ಮೂರು ಪ್ರತಿ ಮಾಡಿಸಿದ್ದೇನೆ. ಒಂದು ಡಾಕ್ಟರಮ್ಮನಿಗೆ, ಒಂದು ಅವರ ಮೇಲಿನವರಿಗೆ, ಒಂದು ನನ್ನ ಹತ್ತಿರ. ಪರೀಕ್ಷೆಯನ್ನು ಮತ್ತೆ ಮಾಡಿಸಿಕೊಡಬೇಕು, ತಪ್ಪು ಯಾರದೆಂದು ಲಿಖಿತ ಉತ್ತರ ಕೊಡಬೇಕು ಎಂದು ಕೇಳಿದ್ದೇನೆ. ಸೋಮವಾರ ನಾನೇ ಹೋಗಿ ಕೊಡುತ್ತೇನೆ.

ಅಣ್ಣಾರಾಯ


ಅಫಜಲಪುರ
7 ಸೆಪ್ಟೆಂಬರ್ 2024

ಅಣ್ಣಾರಾಯ,

ಅರ್ಜಿ ಕೊಡಬೇಡ. ಆ ಹೆಣ್ಣುಮಗಳು ಒಳ್ಳೆಯವಳು. ಕಲಬುರಗಿಗೆ ಹೋಗಲೇಬೇಡ. ಈ ಮಾತೊಂದು ಕೇಳು.

ಮಲಂಗಸಾಬ


ಆಳಂದ
10 ಸೆಪ್ಟೆಂಬರ್ 2024

ಮಲಂಗಭಾಯ್, ಸಲಾಂ.

ನಿಮ್ಮ ಚೀಟಿ ತಲುಪಿತ್ತು. ಡಾಕ್ಟರರೆಂದರೆ ನಿಮಗೆ ಹೆದರಿಕೆ, ಮುಂದೆ ಸರಿಯಾಗಿ ನೋಡುವುದಿಲ್ಲವೆಂಬ ಅಂಜಿಕೆಗೆ ಹೀಗೆ ಬರೆದಿದ್ದೀರಿ ಎಂದು ತಿಳಿದೆ. ಹಾಗಾಗಿ ಇನ್ನಷ್ಟು ಸಿಟ್ಟಿನಿಂದ ಹೋದೆ.

ಡಾಕ್ಟರಮ್ಮ ಅರ್ಜಿಯನ್ನು ಮೊದಲಿನಿಂದ ಕೊನೆಯತನಕ ಓದಿದರು. ಸಿಟ್ಟಾಗಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ಮಷೀನ್ ಕೆಟ್ಟಿಲ್ರಿ ಕಾಕಾರ. ನೀವ ನೋಡ್ರಿ” ಅಂದರು. ನಿಮ್ಮ ಹೊಟ್ಟೆಯೊಳಗಿನ ಚಿತ್ರ ಓಡತೊಡಗಿತು. ಇಷ್ಟು ವರ್ಷ ಜೊತೆಗಿದ್ದು ನೋಡದ ಜಾಗವನ್ನೆಲ್ಲ ನೋಡಿಬಿಟ್ಟೆ. ಮೊದಲು ಹೊಟ್ಟೆ, ಆಮೇಲೆ ಸಣ್ಣ ಕರುಳು, ತಿಳಿಗುಲಾಬಿ ಬಣ್ಣ, ಸ್ವಚ್ಛ. ಸ್ವಲ್ಪ ದೂರ ಹೋದ ಮೇಲೆ ಚಿತ್ರ ಕಡಿದುಹೋಯಿತು. ಬರೀ ಕತ್ತಲು. ಗಡಿಯಾರದ ಅಂಕಿ ಮಾತ್ರ ಮುಂದೆ ಹೋಗುತ್ತಿತ್ತು.

“ಇಲ್ಲಿ ಯಾರೋ ವೈರ್ ಕಿತ್ತಾರ್ರಿ,” ಅಂದರು. “ಆಮ್ಯಾಲ ತಾವ ಹೊಳ್ಳಿ ಹಚ್ಚ್ಯಾರ. ಅಜ್ಜಾರನ್ನ ಕೇಳಿ ಚೀಟಿ ಬರದ್ರ ತಲಿ ತಗ್ಗಿಸಿ ಕುಂತ್ರು. ಯಾಕ ಕಿತ್ತಿದ್ರು ನಿಮಗರ ಗೊತ್ತೇನ್ರಿ?”

ನನಗೆ ಆ ಕ್ಷಣವೇ ಗೊತ್ತಾಯಿತು. ಸಿಬ್ಬಂದಿ ಕೋಣೆಯಲ್ಲಿ ಅಡ್ಡಾದೆ ಎಂದು ಬರೆದಿದ್ದಿರಲ್ಲ. ಹಾಲ್ಟ್ ಹತ್ತು ನಿಮಿಷ ದಾಟಿದರೆ ಮೇನ್ ಸ್ವಿಚ್ ಆಫ್ ಮಾಡದೆ ನೀವು ಗಾಡಿಯಿಂದ ಇಳಿದವರೇ ಅಲ್ಲ. ಬ್ಯಾಟರಿ ಇಳಿದೀತು ಅಂತ ಹೊಟ್ಟೆಯ ಕ್ಯಾಮೆರಾವನ್ನೂ ಆಫ್ ಮಾಡಿ ಮಲಗಿದಿರಿ! ನಾನು ಆ ಕೋಣೆಯಲ್ಲಿ ಕೂತು ನಕ್ಕಿದ್ದಕ್ಕೆ ಹೊರಗಿನ ರೋಗಿಗಳು ಇಣುಕಿ ನೋಡಿದರು. ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ವಿಷಯ ತಿಳಿಸಿದೆ. ಡಾಕ್ಟರಮ್ಮನೂ ನಕ್ಕರು, ಕಣ್ಣು ಒರೆಸಿಕೊಂಡರು.

ಮುಂದಿನದನ್ನು ಗಮನವಿಟ್ಟು ಓದಿ. ನೀವು ವೈರು ಮತ್ತೆ ಹಚ್ಚಿದ ಮೇಲಿನ ಚಿತ್ರದಲ್ಲಿ ರಕ್ತವಿದೆ. ಕರುಳಿನ ಗೋಡೆಗೆಲ್ಲ ಅಂಟಿಕೊಂಡಿದೆ. ಮುಂದೆ ಎಲ್ಲಿಯೂ ಸೋರುವ ಜಾಗ ಕಾಣುವುದಿಲ್ಲ, ಮೇಲಿನಿಂದ ಹರಿದು ಬಂದ ರಕ್ತ. ಕತ್ತಲಿನ ಮೊದಲು ಸ್ವಚ್ಛ, ಕತ್ತಲಿನ ನಂತರ ರಕ್ತ. “ಅಂದ್ರ ಸೋರೋದು ಆ ನಡುವಿನ ಹಾದ್ಯಾಗ ಅದ್ರಿ,” ಅಂದರು. “ಚಿತ್ರ ಇದ್ದಿದ್ರ ಜಾಗ ಕಾಣ್ತಿತ್ತು. ಇಲ್ಲಾಂದ್ರೂ ಎಲ್ಲಿ ಹುಡುಕಬೇಕಂತ ತಿಳೀತು.” ಆ ಜಾಗಕ್ಕೆ ಬಾಯಿಯ ಕಡೆಯಿಂದಲೇ ಹೋಗಬಹುದು. ಅದಕ್ಕೆ ಉದ್ದದ ಕೊಳವೆ ಬೇಕು, ತುದಿಯಲ್ಲಿ ಬಲೂನು ಇರುತ್ತದೆ. ಬಲೂನು ಉಬ್ಬಿಸಿ ಕರುಳನ್ನು ಹಿಡಿದುಕೊಂಡು, ಅಂಗಿಯ ತೋಳು ಮೇಲೇರಿಸಿದ ಹಾಗೆ ಕೊಳವೆಯ ಮೇಲೆ ಸರಿಸಿಕೊಳ್ಳುತ್ತಾ ಒಳಗೆ ಹೋಗುತ್ತಾರೆ. ಸೋರುವ ನಾಳ ಕಂಡರೆ ಅಲ್ಲೇ ಒಂಥರ ಗ್ಯಾಸು ಬಿಟ್ಟು, ಕಿಡಿ ಹಾರಿಸಿ ಸುಟ್ಟು ಮುಚ್ಚುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಆ ಸಲಕರಣೆ ಇರುವುದು ಹೈದರಾಬಾದಿನಲ್ಲಿ. ಡಾಕ್ಟರಮ್ಮ ಅಲ್ಲಿಗೆ ಫೋನ್ ಮಾಡಿ ಅಕ್ಟೋಬರ್ 17ಕ್ಕೆ ಜಾಗ ಹಿಡಿದುಕೊಟ್ಟಿದ್ದಾರೆ. ಅದು ತಪ್ಪಿದರೆ ಮತ್ತೆ ಯಾವಾಗಲೋ ಎಂದರು.

ಬರುತ್ತೀರಿ ತಾನೆ?

ಅಣ್ಣಾರಾಯ


ಅಫಜಲಪುರ
24 ಸೆಪ್ಟೆಂಬರ್ 2024

ಅಣ್ಣಾರಾಯನಿಗೆ ಜೈ ಭೀಮ್.

ನೀನು ನಕ್ಕದ್ದು ಒಳ್ಳೆಯದಾಯಿತು. ನನಗೆ ಬಹಳ ನಾಚಿಕೆಯಾಗಿತ್ತು. ಆ ಪೆಟ್ಟಿಗೆಯಲ್ಲಿ ಹಸಿರು ದೀಪ ಸುಮ್ಮನೆ ಉರಿಯುತ್ತಿದ್ದುದನ್ನು ನೋಡಿ ಮಲಗಲು ಮನಸ್ಸಾಗಲಿಲ್ಲ, ಕೈ ತಾನಾಗಿ ಹೋಯಿತು.

ಕಬ್ಬಿಣದ ಗುಳಿಗೆ ನಿಲ್ಲಿಸಿದ ಮೇಲೂ ಕಪ್ಪಗೇ ಇದೆ. ಗುಳಿಗೆ ಶುರುಮಾಡುವ ಮೊದಲೂ ಕಪ್ಪಗಿತ್ತು. ಹೋದ ವರ್ಷದ ರಂಜಾನಿನಿಂದ. ನೀನು ಕೇಳಿದಾಗ ಬರೆಯಬೇಕಿತ್ತು.

ಮೊನ್ನೆ ಮತ್ತೊಂದು ಬಾಟಲಿ ಏರಿಸಿಕೊಂಡೆ. ಅದರ ಹಿಂದಿನದು ಒಂದು ತಿಂಗಳೂ ನಿಲ್ಲಲಿಲ್ಲ.

ನೀನು ಹೇಳಿದ ತಾರೀಖೇ ಇರಲಿ. ಜಾವೀದನಿಗೆ ಅಂದು ಕೆಲಸವಿದೆ, ಬರಲು ಆಗುವುದಿಲ್ಲ. ನೀನೇ ಜೊತೆಗೆ ಬಾ.

ಮಲಂಗಸಾಬ


ಆಳಂದ
23 ಅಕ್ಟೋಬರ್ 2024

ಮಲಂಗಭಾಯ್,

ನಿಮ್ಮನ್ನು ಮನೆಗೆ ಮುಟ್ಟಿಸಿ ಬಂದು ಮೂರು ದಿನ ಸಂತೋಷವಾಗಿದ್ದೆ. ನಿನ್ನೆ ಶಹಬಾಜ ಬಂದಿದ್ದ. ಮುಸ್ಕಾನಳ ಟ್ರ್ಯಾಕಿನ ಪರೀಕ್ಷೆ ಇದ್ದದ್ದೂ 17ಕ್ಕೇ ಎಂದು ಹೇಳಿದ. ಜಾವೀದ ಅವಳ ಜೊತೆ ಹೋಗಿದ್ದನಂತೆ. ಫಲಿತಾಂಶ ಶಹಬಾಜನಿಗೂ ಗೊತ್ತಿಲ್ಲ.

ಹೋಗುವಾಗ ದಾರಿಯುದ್ದಕ್ಕೂ ನಾನು ಚೀಟಿಯ ಮೇಲೆ ಚೀಟಿ ಬರೆದು ನಿಮ್ಮ ಮಗನನ್ನು ಬೈದೆ. ಅಪ್ಪನಿಗಿಂತ ದೊಡ್ಡ ಕೆಲಸ ಏನಿದೆಯಂತೆ ಎಂದು ಕೇಳಿದೆ. ನೀವು ಓದಿ, ಮಡಚಿ, ಜೇಬಿಗೆ ಹಾಕಿಕೊಂಡಿರಿ. ಒಂದು ಮಾತು ಹೇಳಿದ್ದರೆ ನಾನು ತಾರೀಖು ಬದಲಿಸಲು ಒದ್ದಾಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ, ಅಲ್ಲವೇ?

ಅಂದಿನ ಸಂಗತಿ ನಿಮಗೆ ಗೊತ್ತಿಲ್ಲ. ನೀವು ಮಂಪರಿನಲ್ಲಿದ್ದಿರಿ. ಒಳಗೆ ಕರೆದುಕೊಂಡು ಹೋದ ಮೇಲೆ ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಕರುಳಿನ ಗೋಡೆ ತೆಳು, ಸುಡುವಾಗ ತೂತು ಬಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತದೆ ಎಂದು ಮೊದಲೇ ಹೇಳಿ ಭಾಭಿಯ ಸಹಿ ತೆಗೆದುಕೊಂಡಿದ್ದರು. ಭಾಭಿ ತಸಬಿಯ ಮಣಿ ಎಣಿಸುತ್ತಿದ್ದರು, ನಾನು ಗೋಡೆಯ ಮೇಲಿನ ಬೋರ್ಡುಗಳನ್ನು ಓದುತ್ತಿದ್ದೆ. ಕೊನೆಗೆ ಡಾಕ್ಟರು ಬಂದು ಚಿತ್ರ ತೋರಿಸಿದರು. ನಡುಹಾದಿಯಲ್ಲಿ ಹತ್ತಿರ ಹತ್ತಿರವೇ ಮೂರು ಕೆಂಪು ಚುಕ್ಕೆಗಳು, ಜೇಡನ ಕಾಲಿನ ಹಾಗೆ ಸುತ್ತಲೂ ಹರಡಿದ ನಾಳ. ಒಂದರಿಂದ ರಕ್ತ ಜಿನುಗುತ್ತಲೇ ಇತ್ತು. ಮೂರನ್ನೂ ಸುಟ್ಟರಂತೆ.

ಆಮೇಲೆ ನನ್ನನ್ನು ಒಳಗೆ ಬಿಟ್ಟರು. ನಿಮಗೆ ಇನ್ನೂ ಎಚ್ಚರವಾಗಿರಲಿಲ್ಲ. ಕೈಯೆತ್ತಿ ಗಾಳಿಯಲ್ಲಿ ಆಡಿಸುತ್ತಾ, “ಬಾ, ಹಿಂದ ಬಾ, ನಾ ಇಲ್ಲೇ ಅದೇನಿ,” ಎನ್ನುತ್ತಿದ್ದಿರಿ. ಹಳೆಯ ಕಾಲದ ನೆನಪಾಗಿರಬೇಕು, ನನ್ನನ್ನೇ ಕರೆಯುತ್ತಿದ್ದಾರೆ ಎಂದು ತಿಳಿದು ನಾನು ನಿಮ್ಮ ಕೈ ಹಿಡಿದುಕೊಂಡೆ. ನೀವು ಬಿಡಿಸಿಕೊಂಡಿರಿ. ಮುಸ್ಕಾನಳಿಗೆ ದಾರಿ ತೋರಿಸಲು ನಿಮಗೆ ಆ ಕೈ ಬೇಕಾಗಿತ್ತು ಎಂದು ನಿನ್ನೆ ತಿಳಿಯಿತು.

ಇನ್ನೊಂದು. ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮನನ್ನು ಒಂದು ಪ್ರಶ್ನೆ ಕೇಳಿ ಬಂದಿದ್ದೆ, ಅದನ್ನು ಆಗ ಬರೆಯಲಿಲ್ಲ. ಏನೂ ಮಾಡಿಸದೆ ಬಾಟಲಿ ಏರಿಸುತ್ತಲೇ ಹೋದರೆ ಎಷ್ಟು ದಿನ ಎಂದು ಕೇಳಿದ್ದೆ. “ಒಂದಿನ ಜೋರಾಗಿ ಸೋರಿದ್ರ ಅಫಜಲಪುರದಿಂದ ಇಲ್ಲಿಗೆ ಬರೂತನಾ ತಡೆಯೂದಿಲ್ರಿ,” ಅಂದಿದ್ದರು. ಆ ಮಾತು ಹೊತ್ತುಕೊಂಡು ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಬಹಳ ಕಾಗದ ಬರೆದೆವು, ಹೇಳಬೇಕಾದದ್ದನ್ನು ಮಾತ್ರ ಬರೆಯಲಿಲ್ಲ.

ಹುಡುಗಿ ಏನಾದಳು?

ಅಣ್ಣಾರಾಯ


ಆಳಂದ
5 ಡಿಸೆಂಬರ್ 2024

ಮಲಂಗಭಾಯ್, ಸಲಾಂ.

ಉತ್ತರವಿಲ್ಲ. ಶಹಬಾಜನನ್ನು ಬೇರೆ ರೂಟಿಗೆ ಹಾಕಿದ್ದಾರೆ, ಆದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನಾದರೂ ಬರೆಯಿರಿ. ಮತ್ತೆ ಕಪ್ಪಗೆ ಹೋಗುತ್ತಿದ್ದರೆ ಅದನ್ನು ಮೊದಲು ಬರೆಯಿರಿ. ಮಲ್ಕಮ್ಮ ದಿನಾ ಕೇಳುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ.

ಅಣ್ಣಾರಾಯ


ಅಫಜಲಪುರ
20 ಜನವರಿ 2025

ಅಣ್ಣಾರಾಯನಿಗೆ ಜೈ ಭೀಮ್. ಮಲ್ಕಮ್ಮನಿಗೆ ಸಲಾಂ.

ಸಿಟ್ಟಿಲ್ಲ. ಮತ್ತೆ ಸುಳ್ಳು ಬರೆಯಬಾರದೆಂದು ಕಾದೆ. ಮೂರು ತಿಂಗಳು ಬಿಟ್ಟು ರಕ್ತ ನೋಡೋಣ, ಆಗ ಖಾತ್ರಿಯಾಗಿ ಹೇಳುತ್ತೇನೆ ಎಂದು ಡಾಕ್ಟರಮ್ಮ ಅಂದಿದ್ದಳು. ಮೊನ್ನೆ ನೋಡಿದಳು. ಹಿಮೋಗ್ಲೋಬಿನ್ ಹನ್ನೊಂದು ದಾಟಿದೆ. ಅಕ್ಟೋಬರಿನಿಂದ ಒಂದು ಬಾಟಲಿಯೂ ಏರಿಸಿಲ್ಲ. ಗುಳಿಗೆಯಿಲ್ಲದೆ, ಗುರೆಳ್ಳು ಹಿಂಡಿಯಿಲ್ಲದೆ, ಬಣ್ಣ ಹಳದಿ. ಇಂಥ ಸುದ್ದಿಯನ್ನು ಸ್ನೇಹಿತನಿಗೆ ಬರೆಯುವ ಕಾಲ ಬಂತು ನೋಡು.

ಪೂರ್ತಿ ಗುಣವೆಂದು ಅವಳು ಬರೆದುಕೊಟ್ಟಿಲ್ಲ. ಸುಟ್ಟ ಜಾಗ ಮುಚ್ಚಿದೆ. ಆದರೆ ಈ ವಯಸ್ಸಿನಲ್ಲಿ ಬೇರೆ ಕಡೆ ಹೊಸ ಗಂಟು ಹುಟ್ಟಬಹುದು, ಇದೇ ಮತ್ತೆ ಸೋರಬಹುದು. ಕಪ್ಪು ಕಂಡ ದಿನವೇ ಬರಬೇಕೆಂದು ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ಬರುತ್ತೇನೆ ಅಂದೆ. ಎಷ್ಟು ಕಾಲದಿಂದ ಮುಚ್ಚಿಟ್ಟಿದ್ದೆ ಎಂಬುದನ್ನೂ ಮನೆಯಲ್ಲಿ ಅಮೀರುನ್ನಿಸಾಳಿಗೆ ಹೇಳಿದ್ದೇನೆ. ಅವಳು ಮೂರು ದಿನ ಬೈದಳು. ಕೇಳಿಸದಿದ್ದರೂ ಬೈಗುಳವೆಂದು ತಿಳಿಯಿತು.

ಮುಸ್ಕಾನ ಫೇಲಾದಳು. ಅದನ್ನು ನಿನಗೆ ಬರೆಯಲು ಕೈ ಬರಲಿಲ್ಲ, ತಡವಾದುದಕ್ಕೆ ಅದೂ ಕಾರಣ. ಮುಂದಿನದೆಲ್ಲ ಚೆನ್ನಾಗಿ ಮಾಡಿದ್ದಳು. ರಿವರ್ಸಿಗೆ ಬಂದಾಗ ಅರ್ಧಕ್ಕೆ ನಿಲ್ಲಿಸಿಬಿಟ್ಟಳಂತೆ. ಪರೀಕ್ಷೆಯ ಸಾಹೇಬರು, “ಹಿಂದ ಯಾರೂ ಇಲ್ಲವ್ವಾ, ಬಿಡು” ಎಂದು ಕೂಗಿದರೂ ಗಾಡಿ ಕದಲಲಿಲ್ಲ. ಹೊತ್ತು ಮುಗಿಯಿತು, ಇಳಿಸಿದರು. ಯಾಕೆ ನಿಲ್ಲಿಸಿದೆ ಎಂದು ನಾನು ಬಹಳ ದಿನ ಕೇಳಲಿಲ್ಲ. ಡಿಸೆಂಬರಿನಲ್ಲಿ ಒಮ್ಮೆ ಕೇಳಿದೆ. ಅವಳು ನನ್ನ ಅಂಗೈ ಮೇಲೆ ಬೆರಳಿಂದ ಬರೆಯುತ್ತಾಳೆ, ಚಿಕ್ಕಂದಿನಿಂದ ಹಾಗೇ. ಅಂದು ಬರೆಯಲಿಲ್ಲ, ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದಳು: “ಹಿಂದ ಯಾರೂ ಇರ್ಲಿಲ್ಲ ದಾದಾ. ಅದಕ್ಕ ಬ್ರೇಕ್ ಹಾಕಿದೆ.”

ಆ ಭಾನುವಾರ ಕನ್ನಡಿಯಲ್ಲಿ ನಾನು ಕಾಣದಾದಾಗ ನಾನು ನೆಲದ ಮೇಲಿದ್ದೆ. ಅಂದಿನಿಂದ ಅವಳಿಗೆ ಖಾಲಿ ಕನ್ನಡಿ ಎಂದರೆ ದಾದಾ ಬಿದ್ದಿದ್ದಾರೆ ಎಂದೇ ಅರ್ಥ. ಅವಳಿಗೋಸ್ಕರ ಅಲ್ಲವೇ ನಾನು ಆಸ್ಪತ್ರೆ ತಪ್ಪಿಸಿಕೊಂಡು ಜೇವರ್ಗಿಗೆ ಓಡಾಡಿದ್ದು? ಕಲಿಸಿದ್ದು ಇದನ್ನು.

ಮುಂದಿನ ಕರೆ ಬರುವುದಿದೆ, ಮತ್ತೆ ಅರ್ಜಿ ಹಾಕಿಸಿದ್ದೇನೆ. ಈಗ ಭಾನುವಾರ ಬೇರೆ ರೀತಿ ಕಲಿಸುತ್ತೇನೆ. ಗಾಡಿಯ ಹಿಂದೆ ನಿಲ್ಲುವುದಿಲ್ಲ. ಯಾವ ಕನ್ನಡಿಯಲ್ಲೂ ಕಾಣದ ಹಾಗೆ ಮೈದಾನದ ಆಚೆ, ಶಾಲೆಯ ಗೋಡೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೊದಲ ಭಾನುವಾರ ಅವಳು ಎಂಜಿನ್ ಚಾಲೂ ಬಿಟ್ಟು ಇಳಿದು ಓಡಿ ಬಂದಳು. ನಾನು ಶೇಂಗಾ ತಿನ್ನುತ್ತಿದ್ದೆ. ಬೈದು ಕಳಿಸಿದೆ. ಎರಡನೆಯ ಭಾನುವಾರ ಬರಲಿಲ್ಲ, ಆದರೆ ಗಾಡಿಯೂ ಹಿಂದೆ ಬರಲಿಲ್ಲ. ನಿನ್ನೆ ಗೋಡೆಯ ಸಂದಿಯಿಂದ ನೋಡಿದೆ. ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು, ಒಂದಕ್ಕೂ ತಗಲಿಸದೆ, ಗೆರೆಯ ಮೇಲೆ ನಿಲ್ಲಿಸಿದಳು. ನನ್ನನ್ನು ಹುಡುಕಲಿಲ್ಲ. ಇಳಿದು ನೀರು ಕುಡಿದು ಮತ್ತೆ ಹತ್ತಿದಳು.

ಬಹಳ ಸಂತೋಷವಾಯಿತು, ಅಣ್ಣಾರಾಯ. ಸಂಕಟವೂ ಆಯಿತು. ಕುರ್ಚಿಯನ್ನು ಗೋಡೆಯ ಮರೆಗೆ ಇನ್ನಷ್ಟು ಎಳೆದುಕೊಂಡು ಕೂತೆ.

ಮಲಂಗಸಾಬ